ಹೋತು ಅನ್ನಲೇಬೇಕಾದ ನೋವು

ನನ್ನ ಅವ್ವ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರ ಕಾಲು ಸೋಕಿದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಆಗ ಎಲ್ಲರಿಗೂ ಇತ್ತು. ಈಗಲೂ ಕೆಲವರಿಗೆ ಇದೆ. ದಾವಣಗೆರೆಯಲ್ಲಿ ನಮ್ಮ ಓಣಿಯಲ್ಲಿದ್ದವರು ಹತ್ತಿ ಮಿಲ್ಲಿನ ಕೂಲಿಗಳು, ಹಮಾಲರು, ಮಂಡಕ್ಕಿ ಭಟ್ಟಿಯವರು. ಬೆನ್ನು ನೆಟ್ಟಗಿದ್ದರೆ ಮಾತ್ರ ಅವರ ಮನೆಯ ಒಲೆ ಉರಿಯುತ್ತಿತ್ತು. ಹೀಗಾಗಿ ಭಾನುವಾರ ಮತ್ತು ಗುರುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಯಾರಾದರೂ ಸೊಂಟ ಹಿಡಿದುಕೊಂಡು ನಿಂತೇ ಇರುತ್ತಿದ್ದರು.

ಅದಕ್ಕೊಂದು ಕ್ರಮವಿತ್ತು. ಅವ್ವ ಅಲ್ಲಿಯವರೆಗೆ ಬಾಯಿಗೆ ಏನೂ ಹಾಕಿರಬಾರದು. ಬಂದವರು ಜಗಲಿ ಕಟ್ಟೆಯ ಮೇಲೆ ಬೋರಲು ಮಲಗಬೇಕು. ಅವ್ವ ಕಂಬ ಹಿಡಿದು ಒಂಟಿ ಕಾಲಲ್ಲಿ ನಿಂತು, ಎಡಗಾಲಿನ ಹಿಮ್ಮಡಿಯಿಂದ ನೋವಿದ್ದಲ್ಲಿ ಮೂರು ಸಲ ಒತ್ತುತ್ತಿದ್ದಳು. ಮನುಷ್ಯರಿಗೆ ಕಾಲು ತಾಗಿಸಿದ್ದಕ್ಕೆ ‘ಶಿವಾ’ ಎಂದು ಬಗ್ಗಿ ಅವರ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಆಮೇಲೆ ಮತ್ತೆ ಕಂಬ ಹಿಡಿದು ಒಂಟಿ ಕಾಲಲ್ಲೇ ನಿಂತು ಕೇಳುತ್ತಿದ್ದಳು: “ಹೋತಾ?”

ಮಲಗಿದವರು “ಹೋತು” ಅನ್ನಬೇಕು. ಎದ್ದು ಹಿಂದೆ ತಿರುಗಿ ನೋಡದೆ ಹೋಗಬೇಕು. ಒಮ್ಮೆ ಹೋತು ಅಂದ ಮೇಲೆ ಮತ್ತೆ ಐತೆ ಅನ್ನುವಂತಿಲ್ಲ. ಹಾಗೆ ಅಂದರೆ ಆ ನೋವು ಒತ್ತಿದವರ ಬೆನ್ನಿಗೆ ಏರುತ್ತದೆ ಎಂದು ನಂಬಿದ್ದರು.

ಅವ್ವನ ಕಾಲು ಸೋತ ಸುದ್ದಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅಂಥ ಸುದ್ದಿ ಬರಲು ದಾರಿಯನ್ನೇ ಬಿಟ್ಟಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ಪತ್ರಿಕೆಯ ಕಚೇರಿಯಲ್ಲಿ ಬೇರೆಯವರ ವರದಿ ತಿದ್ದುವ ಕೆಲಸ ಮಾಡುವಾಗ.

ಆ ಬೆಳಗುಗಳಲ್ಲಿ ನಗುವಿಗೆ ಕೊರತೆ ಇರಲಿಲ್ಲ. ಎದುರು ಮನೆಯಲ್ಲಿ ಮಂಡಕ್ಕಿ ಮಾರುವ ಅಜ್ಜಿಯೊಬ್ಬಳಿದ್ದಳು. ಅವಳಿಗೆ ನೋವಿರಲಿ ಬಿಡಲಿ, ನೋಡಲು ಬಂದು ಕೂರುತ್ತಿದ್ದಳು. “ನಿಮ್ಮವ್ವ ಹುಟ್ಟುವಾಗ್ಲೇ ಒದ್ದು ಬಂದಾಳೆ. ಆ ಸೂಲಗಿತ್ತಿ ಹಲ್ಲು ಸಾಯೋತನಕ ಅಲ್ಲಾಡ್ತಿದ್ವಂತೆ,” ಎಂದು ನನಗೆ ಹೇಳುತ್ತಿದ್ದಳು. ಹತ್ತಿ ಅಂಡಿಗೆ ಹೊರುವ ಹಮಾಲನೊಬ್ಬ ಮಲಗುವ ಮೊದಲೇ ಕೈ ಮುಗಿಯುತ್ತಿದ್ದ. “ಅಕ್ಕಾ, ಮೆತ್ತಗ ಒತ್ರಿ. ಮನ್ಯಾಗ ಒದ್ದಿದ್ದೇ ಇನ್ನೂ ಮಾಯ್ದಿಲ್ಲ.”

ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅರವತ್ತರ ದಶಕ ಶುರುವಾದ ಹೊಸದರಲ್ಲಿ ನಾನು ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದಾಗ ಅವಳಿಗೆ ಹದಿನೈದು. ನಮ್ಮ ಓಣಿಯಿಂದ ಹೈಸ್ಕೂಲಿಗೆ ಹೋದ ಮೊದಲ ಹುಡುಗಿ. ಟೀಚರ್ ಆಗಬೇಕು ಅನ್ನುತ್ತಿದ್ದಳು. ಓಣಿಯ ಸಣ್ಣ ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದಳು, ತಪ್ಪಿದವರ ಕಿವಿ ಹಿಂಡುತ್ತಿದ್ದಳು. ನಡೆಯುವುದು ಅವಳಿಗೆ ಗೊತ್ತೇ ಇರಲಿಲ್ಲ. ಹೋದಲ್ಲೆಲ್ಲ ಓಟ.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, “ಅವ್ವಾ, ಬೆನ್ನು ಹಿಡಿದಂಗಾಗೈತೆ,” ಎಂದಳು.

“ಎಲ್ಲಿ?”

ಹಿಟ್ಟಿನ ಕೈಯನ್ನು ಹಿಂದಕ್ಕೆ ತಿರುಗಿಸಿ ಬೆನ್ನಿನ ನಡುಮಧ್ಯ ತೋರಿಸಿದಳು. ರವಿಕೆಯ ಮೇಲೆ ಬಿಳಿ ಗುರುತು ಉಳಿಯಿತು.

“ಕೊಡ ಎತ್ತುವಾಗ ಉಳುಕಿರಬೇಕು ಬಿಡು. ಗುರುವಾರ ನೋಡಾನ,” ಎಂದಳು ಅವ್ವ.

ಬಿದ್ದಿರಲಿಲ್ಲ, ಏಟು ಬಿದ್ದಿರಲಿಲ್ಲ. ಹಾಗಾಗಿ ಓಣಿಯ ಒಬ್ಬೊಬ್ಬರೂ ಒಂದೊಂದು ಕಾರಣ ಕೊಟ್ಟರು. ಬಗ್ಗಿ ಕೂತು ಓದುವುದರಿಂದ ಎಂದರು. ವಾಯು ಎಂದರು. ಮೈನೆರೆದ ಹುಡುಗಿಯರಿಗೆ ಹೀಗಾಗುತ್ತದೆ, ಮದುವೆಯಾದರೆ ಸರಿಹೋಗುತ್ತದೆ ಎಂದರು. ನೀರು ತರುವ ಸರದಿ ಬಂದಾಗಲೇ ನೋಯುತ್ತದಲ್ಲ ಎಂದು ಅಪ್ಪ ನಕ್ಕ. ಅಪ್ಪ ಮಿಲ್ಲಿನ ನೂಲಿನ ಖಾತೆಯಲ್ಲಿದ್ದ. ಅವನ ತಲೆಗೂದಲಿನಲ್ಲಿ ಯಾವಾಗಲೂ ಹತ್ತಿಯ ಎಳೆ ಇರುತ್ತಿತ್ತು. ಅವನದು ಕೆಟ್ಟ ನಗು ಅಲ್ಲ. ಹದಿನೈದರ ಹುಡುಗಿಯ ಬೆನ್ನು ಸುಮ್ಮಸುಮ್ಮನೆ ನೋಯಬಹುದು ಎಂದು ನಮ್ಮಲ್ಲಿ ಯಾರಿಗೂ ತೋಚಿರಲಿಲ್ಲ.

ಗುರುವಾರ ಬಂತು. ಕಟ್ಟೆಯ ಹತ್ತಿರ ನಾಲ್ಕಾರು ಜನ ಇದ್ದರು. ಅವ್ವ ತಂಗಿಯನ್ನು ಎಲ್ಲರಿಗಿಂತ ಮೊದಲು ಕರೆದಳು. ತಂಗಿ ನಾಚಿದಳು. “ಇವರೆಲ್ಲಾ ಹೋದ ಮ್ಯಾಲೆ ಮಾಡವ್ವ.”

“ಅವರೇನು ನಿನ್ನ ನೋಡಾಕ ಬಂದ ಬೀಗರೇ? ಮಲಗು.”

ಮಲಗಿದಳು. ಅವ್ವ ಮೂರು ಸಲ ಒತ್ತಿದಳು. ಮಗಳಾದ್ದರಿಂದ ಇರಬೇಕು, ಬೇರೆಯವರಿಗಿಂತ ತುಸು ಗಟ್ಟಿಯಾಗಿಯೇ ಒತ್ತಿದಳು. ತಂಗಿಯ ಕೈ ಕಟ್ಟೆಯ ಅಂಚನ್ನು ಹಿಡಿದುಕೊಂಡದ್ದನ್ನು ನೋಡಿದೆ.

“ಹೋತಾ?”

ತಂಗಿ ಮಾತಾಡಲಿಲ್ಲ. ಅವ್ವ ಇನ್ನೂ ಕಂಬ ಹಿಡಿದೇ ನಿಂತಿದ್ದಳು.

“ಏ ಹುಡುಗೀ,” ಎಂದಳು ಮಂಡಕ್ಕಿ ಅಜ್ಜಿ, “ಬಾಯಾಗ ಮಂಡಕ್ಕಿ ಇಟ್ಕೊಂಡೀಯೇನು? ನಿಮ್ಮವ್ವ ಒಂಟಿ ಕಾಲಾಗ ಎಷ್ಟೊತ್ತು ನಿಲ್ಲಬೇಕೇ?”

ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. “ಹೋತು,” ಎಂದಳು. ಎದ್ದು ಹಿಂದೆ ನೋಡದೆ ಒಳಗೆ ಹೋದಳು.

ಹತ್ತು ಹನ್ನೆರಡು ದಿನವಾಗಿರಬೇಕು, ನಲ್ಲಿಯಿಂದ ನೀರು ತಂದು ಇಳಿಸುವಾಗ ತಂಗಿ “ಅವ್ವಾ, ಮತ್ತೆ ಅಲ್ಲೇ...” ಎಂದು ಅರ್ಧಕ್ಕೆ ನಿಲ್ಲಿಸಿದಳು. ಅವ್ವ ಆ ದಿನವೆಲ್ಲ ಮೆಣಸಿನಕಾಯಿ ಕುಟ್ಟಿದ್ದಳು. ಮಾರನೆಯ ಬೆಳಿಗ್ಗೆ ಅವಳಿಗೆ ಹಾಸಿಗೆ ಬಿಟ್ಟು ಏಳಲು ಆಗಲಿಲ್ಲ. ಸೊಂಟ ಹಿಡಿದಿತ್ತು. ಅಪ್ಪ ನೀಲಗಿರಿ ಎಣ್ಣೆ ತಿಕ್ಕಿದ. ನೋವಿನಲ್ಲೂ ಅವ್ವ ತಮಾಷೆ ಮಾಡಿದಳು. “ಮಗಳ ನೋವು ತಾಯಿಗೆ ಬರದೆ ಬೀದಿಯವರಿಗೆ ಬರ್ತೈತೇನು? ಬಂದಿದ್ದು ಬರ್ಲಿ, ಅಕಿ ಹಗುರಾದ್ಲಲ್ಲ.”

ಅಪ್ಪ ನಕ್ಕ, ನಾನೂ ನಕ್ಕೆ. ತಂಗಿ ನಗಲಿಲ್ಲ. ಎರಡು ದಿನಕ್ಕೆ ಅವ್ವ ಮೊದಲಿನಂತಾದಳು. ತಂಗಿ ಆಮೇಲೆ ಬೆನ್ನಿನ ಮಾತನ್ನೇ ಎತ್ತಲಿಲ್ಲ. ಕೇಳಿದರೆ “ಅದು ಆವತ್ತೇ ಹೋತಲ್ಲ” ಎನ್ನುತ್ತಿದ್ದಳು.

ಆಮೇಲಿನ ತಿಂಗಳುಗಳಲ್ಲಿ ಅವಳಲ್ಲಿ ಒಂದು ಬದಲಾವಣೆ ಬಂತು. ಅದನ್ನು ಎಲ್ಲರೂ ಗಮನಿಸಿದರು, ಎಲ್ಲರೂ ಮೆಚ್ಚಿದರು. ಓಡುವುದನ್ನು ಬಿಟ್ಟಳು. ತಲೆ ಎತ್ತಿ, ಭುಜ ಹಿಂದೆ ಮಾಡಿ, ಸಣ್ಣ ಹೆಜ್ಜೆ ಇಟ್ಟು ನಡೆಯತೊಡಗಿದಳು. ಯಾರಾದರೂ ಕರೆದರೆ ಕುತ್ತಿಗೆ ತಿರುಗಿಸದೆ ಇಡೀ ಮೈ ತಿರುಗಿಸುತ್ತಿದ್ದಳು. ಬಾಚಣಿಗೆ ಕೆಳಗೆ ಬಿದ್ದರೆ ಮೊದಲಿನಂತೆ ಬಗ್ಗಿ ಎತ್ತಿಕೊಳ್ಳುತ್ತಿರಲಿಲ್ಲ. ಒಂದು ಕೈ ತೊಡೆಯ ಮೇಲೆ ಊರಿ, ಬೆನ್ನು ನೆಟ್ಟಗೆ ಇಟ್ಟುಕೊಂಡೇ ಕುಕ್ಕರಗಾಲಲ್ಲಿ ಕೂತು ಎತ್ತಿಕೊಂಡು, ಹಾಗೇ ಮೇಲೇಳುತ್ತಿದ್ದಳು.

“ನೋಡ್ರಿ, ಹೆಂಗೆ ಠೀವಿ ಬಂತು ಹುಡುಗಿಗೆ,” ಎಂದಳು ಅಜ್ಜಿ. “ಮೊನ್ನೆತನ ಗಂಡುಬೀರಿ ಇದ್ದಂಗಿದ್ಲು. ಈಗ ಥೇಟ್ ಮದುಮಗಳು.”

ಅವ್ವ ಹೊರಗೆ ಏನೂ ಹೇಳಲಿಲ್ಲ. ಆದರೆ ಆ ವಾರ ತಂಗಿಗೊಂದು ಹೊಸ ಸೀರೆ ತೆಗೆಯಬೇಕು ಎಂದು ಅಪ್ಪನ ಹತ್ತಿರ ಮಾತಾಡಿದಳು. ಅದೇ ಕಾಲದಲ್ಲಿ ತಂಗಿಗೆ ಊಟ ಸೇರುತ್ತಿರಲಿಲ್ಲ, ಸಂಜೆ ಹೊತ್ತು ಮೈ ಬೆಚ್ಚಗಿರುತ್ತಿತ್ತು. ಬಿಸಿಲಿನಲ್ಲಿ ಶಾಲೆಗೆ ಹೋಗಿ ಬರುತ್ತಾಳೆ, ಅದಕ್ಕೇ ಎಂದುಕೊಂಡೆವು.

ಒಂದು ದಿನ ಶಾಲೆಯಿಂದ ಒಂದೇ ಚಪ್ಪಲಿಯಲ್ಲಿ ಬಂದಳು. ಇನ್ನೊಂದು ಎಲ್ಲಿ ಎಂದರೆ ಕಾಲು ನೋಡಿಕೊಂಡು ತಾನೇ ಬೆರಗಾದಳು. ದಾರಿಯಲ್ಲಿ ಜಾರಿ ಹೋದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಅಪ್ಪ ಬೈದ. “ಪಿಕ್ಚರ್ ನೆನಸ್ಕೊಂತಾ ನಡೀತೀಯೇನು?” ಮಾರನೆಯ ವಾರ ನಲ್ಲಿಯ ಹತ್ತಿರ ಅವಳ ಮೊಣಕಾಲು ಕುಸಿದವು. ಕೊಡ ಉರುಳಿ ಹೋಯಿತು. ಏಳಲು ನೋಡಿದರೆ ಕಾಲು ಮಾತು ಕೇಳಲಿಲ್ಲ. ಇಬ್ಬರು ಹೆಂಗಸರು ತೋಳು ಹಿಡಿದು ಮನೆಗೆ ಕರೆತಂದರು.

ಡಾಕ್ಟರಿಗೆ ತೋರಿಸಬೇಕೆಂದು ಅಪ್ಪ ಹೇಳಿದ. ಅವ್ವ ಒಪ್ಪಿದಳು, ಆದರೆ ದಾವಣಗೆರೆಯಲ್ಲಿ ಬೇಡ ಎಂದಳು. ಅವಳ ತವರು ಹರಿಹರ. ಅಲ್ಲಿ ನಮ್ಮ ಸೋದರಮಾವ ಇದ್ದ. “ನಮ್ಮಣ್ಣನ ಮನಿಗೆ ಹೋದಂಗೂ ಆಗ್ತೈತೆ, ತೋರಿಸ್ದಂಗೂ ಆಗ್ತೈತೆ,” ಎಂದಳು. ಊರಿನ ಬೆನ್ನು ನೋಡುವವಳು ತನ್ನ ಮಗಳ ಬೆನ್ನನ್ನು ಡಾಕ್ಟರಿಗೆ ತೋರಿಸಿದಳು ಎಂದು ಓಣಿಯಲ್ಲಿ ಮಾತಾಗಬಾರದು ಎಂಬುದು ಅವಳ ಮನಸ್ಸಿನಲ್ಲಿತ್ತು. ಅದನ್ನು ಅವಳೇ ಆಮೇಲೆ ನನಗೆ ಹೇಳಿದಳು. ನಾನು ಊಹಿಸಿ ಬರೆಯುತ್ತಿಲ್ಲ.

ಅವ್ವ, ತಂಗಿ, ನಾನು ಮೂವರೂ ರೈಲಿನಲ್ಲಿ ಹೋದೆವು. ತಂಗಿ ಕಿಟಕಿಯ ಪಕ್ಕ ಎರಡೂ ಅಂಗೈಯನ್ನು ಸೀಟಿಗೆ ಊರಿ, ಮೈಯ ಭಾರವನ್ನು ತೋಳುಗಳ ಮೇಲೆ ಹಾಕಿ ಕೂತಿದ್ದಳು. ಗಾಡಿ ಜೋಲಿ ಹೊಡೆದಾಗಲೆಲ್ಲ ಉಸಿರು ಹಿಡಿಯುತ್ತಿದ್ದಳು. ಅವ್ವ ಬುಟ್ಟಿಯಲ್ಲಿದ್ದ ರೊಟ್ಟಿ ಕೊಟ್ಟರೆ ಆಮೇಲೆ ಎಂದಳು.

ಹರಿಹರದ ಡಾಕ್ಟರು ವಯಸ್ಸಾದವರು, ಕಡಿಮೆ ಮಾತಿನವರು. ಅವರು ಮೊದಲು ಬೆನ್ನನ್ನು ನೋಡಲೇ ಇಲ್ಲ. ಮೇಜಿನ ಮೇಲಿನ ಪೆನ್ಸಿಲನ್ನು ನೆಲಕ್ಕೆ ಬೀಳಿಸಿ, “ಅದನ್ನ ಸ್ವಲ್ಪ ಎತ್ತಿಕೊಡಮ್ಮ,” ಎಂದರು.

ತಂಗಿ ತೊಡೆಯ ಮೇಲೆ ಕೈ ಊರಿದಳು, ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತಳು, ಪೆನ್ಸಿಲು ತೆಗೆದುಕೊಂಡಳು, ಗೋಡೆ ಹಿಡಿದು ಎದ್ದಳು. ಓಣಿಯೆಲ್ಲ ಹೊಗಳಿದ್ದ ಅದೇ ಠೀವಿ. ಡಾಕ್ಟರು ಅವ್ವನ ಕಡೆ ನೋಡಿದರು. “ಎಷ್ಟು ದಿನದಿಂದ ಹೀಗೆ ಎತ್ತುತ್ತಾಳೆ ತಾಯೀ?”

“ಅದೇನು ಡಾಕ್ಟ್ರೇ, ದೊಡ್ಡೋಳಾದ್ಲಲ್ರೀ. ಬೆನ್ನು ನೋವು ಹಿಂದೆ ಒಮ್ಮೆ ಬಂದಿತ್ತು, ಹೋತು. ಈಗ ಕಾಲು...”

“ಹೋಗಿರಲಿಲ್ಲ,” ಎಂದಳು ತಂಗಿ.

ಆ ಮಾತು ಆಡಿದ ಕೂಡಲೇ ಅವಳು ನೋಡಿದ್ದು ಅವ್ವನ ಮುಖವನ್ನಲ್ಲ. ಅವ್ವನ ಸೊಂಟವನ್ನು ನೋಡಿದಳು. ಏನೋ ಬಂದು ಅಲ್ಲಿ ಏರುತ್ತದೆ ಎಂದು ಕಾಯುವವರ ಹಾಗೆ. ಅವ್ವ ಅದನ್ನು ಕಂಡಳು. ಬೆಂಚಿನ ಮೇಲೆ ಕೂತಳು.

ಡಾಕ್ಟರು ಬೆನ್ನೆಲುಬಿನ ಗಂಟುಗಳನ್ನು ಬೆರಳಿನಿಂದ ಒಂದೊಂದಾಗಿ ತಟ್ಟುತ್ತ ಬಂದು ನಡುವೆ ಒಂದು ಕಡೆ ನಿಲ್ಲಿಸಿದರು. ಅಲ್ಲಿ ಒಂದು ಗಂಟು ಸ್ವಲ್ಪ ಹೊರಗೆ ಬಂದಿತ್ತು. ಎಕ್ಸರೇ ತೆಗೆಸಲು ನಾವು ದಾವಣಗೆರೆಗೇ ವಾಪಸು ಬರಬೇಕಾಯಿತು. ಅದನ್ನು ಹಿಡಿದು ಮತ್ತೆ ಹರಿಹರಕ್ಕೆ ಹೋದಾಗ ಡಾಕ್ಟರು ಹೇಳಿದರು, ಅದು ಎಲುಬಿನ ಕ್ಷಯ. ಒಳಗಿನ ಎರಡು ಎಲುಬು ತಿಂದುಹೋಗಿ ಒಂದರ ಮೇಲೊಂದು ಕುಸಿದು, ನಡುವೆ ಹಾದುಹೋಗುವ ನರದ ಹುರಿಯನ್ನು ಒತ್ತುತ್ತಿದ್ದವು.

“ಕೆಮ್ಮೇ ಇಲ್ಲಲ್ರೀ ಅಕಿಗೆ,” ಎಂದಳು ಅವ್ವ. ಕ್ಷಯ ಎಂದರೆ ಕೆಮ್ಮು, ರಕ್ತ ಎಂದಷ್ಟೇ ನಮಗೆ ಗೊತ್ತಿತ್ತು. ಆಮೇಲೆ ತನ್ನ ಕಾಲಿನ ವಿಷಯ ತಾನೇ ಹೇಳಿದಳು. ಎಲ್ಲಿ ಒತ್ತಿದೆ, ಎಷ್ಟು ಗಟ್ಟಿಯಾಗಿ ಒತ್ತಿದೆ, ಏನೂ ಬಿಡದೆ ಹೇಳಿದಳು. “ಅದರಿಂದ್ಲೇ ಆತೇನ್ರೀ?”

ಡಾಕ್ಟರು ಎಕ್ಸರೇಯನ್ನು ಮೇಜಿನ ಮೇಲಿಟ್ಟರು. “ರೋಗ ನಿಮ್ಮ ಕಾಲಿನಿಂದ ಬಂದಿಲ್ಲ ತಾಯೀ. ಮೊದಲೇ ಇತ್ತು. ಒತ್ತಿದ್ದರಿಂದ ಏನಾಯಿತು ಅಂತ ನಾನು ಹೇಳಲಾರೆ. ಹೇಳಿದರೆ ಸುಳ್ಳಾಗುತ್ತೆ. ಆಗಲೇ ಕರಕೊಂಡು ಬಂದಿದ್ದರೆ ಚೆನ್ನಾಗಿತ್ತು, ಅಷ್ಟೆ.” ಅವರು ಹೇಳಿದ್ದಕ್ಕಿಂತ ಹೆಚ್ಚು ನನಗೆ ಇವತ್ತಿಗೂ ಗೊತ್ತಿಲ್ಲ.

ತಂಗಿಯನ್ನು ಮಾವನ ಮನೆಯಲ್ಲೇ ಇಟ್ಟೆವು. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರು ಹಾಕಿದ್ದರು. ಹಲಗೆ ಮಂಚದ ಮೇಲೆ ಅಂಗಾತ ಮಲಗಿರಬೇಕು, ಏಳುವಂತಿಲ್ಲ. ದಿನವೂ ಸೂಜಿ, ಬಾಯಿ ಕಹಿಯಾಗುವ ಮಾತ್ರೆಗಳು. ಕಾಲಿಗೆ ಶಕ್ತಿ ಮರಳಬಹುದು, ಮರಳದೆಯೂ ಇರಬಹುದು, ಕೆಲವು ತಿಂಗಳಲ್ಲಿ ತಿಳಿಯುತ್ತದೆ ಎಂದರು ಡಾಕ್ಟರು. ಅವ್ವ ದಾವಣಗೆರೆಗೆ ಬರಲೇ ಇಲ್ಲ. ಮನೆಯಲ್ಲಿ ನಾನು, ಅಪ್ಪ ಇಬ್ಬರೇ ಬೇಯಿಸಿಕೊಂಡೆವು. ಭಾನುವಾರ, ಗುರುವಾರ ಕಟ್ಟೆಯ ಹತ್ತಿರ ಬಂದವರಿಗೆ ಅಪ್ಪ “ಇಲ್ರೀ, ಊರಾಗ ಇಲ್ಲ” ಎನ್ನುತ್ತಿದ್ದ. ಕೆಲವು ವಾರಗಳಲ್ಲಿ ಬರುವುದು ನಿಂತಿತು.

ರಜೆಯ ದಿನ ನಾನು ಹರಿಹರಕ್ಕೆ ಹೋಗುತ್ತಿದ್ದೆ. ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಅವಳ ಕೋಣೆಗೆ ಕೇಳುತ್ತಿತ್ತು. ಯಾರ ಹೊಡೆತ ಯಾವುದು ಎಂದು ಅವಳು ಸದ್ದಿನಲ್ಲೇ ಗುರುತಿಸುತ್ತಿದ್ದಳು. “ಈಕಿ ನೋಡು, ಗಂಡನ ಅಂಗಿ ಒಗಿಯಾಕತ್ಯಾಳ. ಎಷ್ಟು ಸಿಟ್ಟು!” ಎಂದು ನಗಿಸುತ್ತಿದ್ದಳು. ಪ್ರೆಸ್ಸಿನಲ್ಲಿ ಆ ವಾರ ಏನು ಅಚ್ಚಾಯಿತು ಎಂದು ಕೇಳುತ್ತಿದ್ದಳು. ಅವಳ ತರಗತಿಯವರು ಪರೀಕ್ಷೆಗೆ ಕೂತ ಸುದ್ದಿಯನ್ನು ನಾನು ಹೇಳಲಿಲ್ಲ. ಅವಳಿಗೆ ಹೇಗೋ ಗೊತ್ತಿತ್ತು.

ಒಂದು ಭಾನುವಾರ ಅವ್ವ ನೀರಿಗೆ ಹೋದಾಗ ಕೇಳಿದೆ. “ಅಷ್ಟು ದಿನ ಯಾಕ ಹೇಳ್ಲಿಲ್ಲ?”

“ಒಂದ್ಸಲ ಹೇಳಿದ್ದೆ. ಮರುದಿನ ಅವ್ವ ಏಳ್ಲಿಲ್ಲ, ನೀನೇ ನೋಡಿದ್ಯಲ್ಲ ಅಣ್ಣ.”

“ಅದು ಮೆಣಸಿನಕಾಯಿ ಕುಟ್ಟಿದ್ದಕ್ಕೆ.”

“ನಂಗೂ ಗೊತ್ತೈತೆ. ಶಾಲ್ಯಾಗ ವಿಜ್ಞಾನ ಓದಿಲ್ಲೇನು ನಾನು?” ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದಳು. “ಆದ್ರೂ ಹೇಳಾಕ ಧೈರ್ಯ ಬರ್ಲಿಲ್ಲ. ನಂದು ಒಂದು ಬೆನ್ನು. ಅವ್ವಂದು ಹೋದ್ರೆ ಮನಿ ನಡೀತೈತಾ?”

ಡಾಕ್ಟರು ಅವ್ವನಿಗೆ ಒಂದು ಕೆಲಸ ಒಪ್ಪಿಸಿದ್ದರು. ದಿನಾ ಬೆಳಿಗ್ಗೆ ತಂಗಿಯ ಕಾಲ್ಬೆರಳುಗಳನ್ನು ಮುಟ್ಟಿ, ಗೊತ್ತಾಗುತ್ತದೆಯೇ ಎಂದು ಕೇಳಬೇಕು. ಮುಟ್ಟಿದ್ದು ತಿಳಿಯುತ್ತಿರುವವರೆಗೂ ಆಸೆ ಇದೆ ಎಂದಿದ್ದರು. ಮೊದಲ ವಾರಗಳಲ್ಲಿ ತಂಗಿ ಒಮ್ಮೆ ಹೂಂ, ಒಮ್ಮೆ ಊಹೂಂ ಎನ್ನುತ್ತಿದ್ದಳು. ಯಾವ ಬೆರಳು ಎಂದು ಕೇಳಿದರೆ ತಪ್ಪು ಹೇಳುತ್ತಿದ್ದಳು. ಆಮೇಲೆ ಒಂದೇ ಸಮನೆ ಹೂಂ ಬರತೊಡಗಿತು. ದಿನವೂ, ಎಲ್ಲ ಬೆರಳಿಗೂ. ಅವ್ವ ಗೆಲುವಾದಳು. ಮಾವ ಹರಿಹರೇಶ್ವರನಿಗೆ ಕಾಯಿ ಒಡೆಸಿ ಬಂದ. ಆದರೆ ಕಾಲು ಅಲುಗುತ್ತಿರಲಿಲ್ಲ. ಹಿಮ್ಮಡಿಯಲ್ಲಿ ಹುಣ್ಣಾಗಿತ್ತು, ಅದನ್ನು ತೊಳೆದು ಔಷಧಿ ಹಚ್ಚುವಾಗ ತಂಗಿ ‘ಸ್’ ಅನ್ನುತ್ತಿರಲಿಲ್ಲ.

ಕಡೆಯದಾಗಿ ನಾನು ಕಂಡದ್ದು ಇಷ್ಟು. ಬೆಳಗಿನ ಗಾಡಿಗೆ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಪ್ಲಾಸ್ಟರಿನಿಂದಾಗಿ ತಂಗಿಗೆ ತಲೆ ಎತ್ತಿ ಕಾಲು ನೋಡಲು ಆಗುತ್ತಿರಲಿಲ್ಲ, ಅವಳ ಕಣ್ಣು ಮೇಲಿನ ಜಂತಿಯ ಮೇಲಿತ್ತು. ಅವ್ವ ಮಂಚದ ಕಾಲ್ದೆಸೆಯಲ್ಲಿ ಕೂತಿದ್ದಳು.

“ಗೊತ್ತಾಗ್ತೈತೇನವ್ವಾ?”

“ಹೂಂ, ಗೊತ್ತಾಗ್ತೈತೆ.”

ಅವ್ವನ ಎರಡೂ ಕೈ ತನ್ನ ಮಡಿಲಲ್ಲೇ ಇದ್ದವು.

“ಈಗ?”

“ಈಗ್ಲೂ ಗೊತ್ತಾಗ್ತೈತವ್ವಾ. ನಿನ್ನೆಗಿಂತ ಚಲೋ ಗೊತ್ತಾಗ್ತೈತೆ.”

ಅವ್ವ ಬಗ್ಗಿ ಅವಳ ಕಾಲಿನ ಮೇಲೆ ಕೌದಿ ಎಳೆದಳು. “ಚಲೋ ಆತು ಬಿಡು,” ಎಂದಳು. ಎದ್ದು ಬರುವಾಗ ನನ್ನನ್ನು ಕಂಡಳು, ಪಕ್ಕದಿಂದ ಹೊರಗೆ ಹೋದಳು.

ಆ ಹೊತ್ತಿಗೆ ಡಾಕ್ಟರು ಸೈಕಲ್ಲಿನಿಂದ ಇಳಿಯುತ್ತಿದ್ದರು. ಅವ್ವ ಅವರನ್ನು ಅಂಗಳದಲ್ಲೇ ತಡೆದಳು.

“ಕಾಲು ಗೊತ್ತಾಗ್ತಿಲ್ರೀ ಅಕಿಗೆ. ಬಹಳ ದಿನಾತು ಅನಸ್ತೈತೆ. ನಾ ಹೇಳ್ದೆ ಅಂತ ಅಕಿ ಮುಂದೆ ಅನಬ್ಯಾಡ್ರಿ.”

ಡಾಕ್ಟರು ಸೈಕಲನ್ನು ಗೋಡೆಗೆ ಒರಗಿಸಿದರು. ಒಳಗೆ ಹೋಗಿ ಮಂಚದ ಪಕ್ಕ ನಿಂತು ಹೇಗಿದ್ದೀಯಮ್ಮ ಎಂದು ಕೇಳಿದರು. ಆರಾಮಾಗಿದೀನ್ರಿ ಎಂಬ ಉತ್ತರ ಅಂಗಳದವರೆಗೂ ಕೇಳಿಸಿತು.